ಮೂರನೇ ಮೆಟ್ಟಿಲ ಸೂರ್ಯ

ಸೂರ್ಯ ಎಲ್ಲಿ ಕಂತುತ್ತಾನೆ ಎಂದು ಮಂಗಳೂರಿನ ಬೋಳಾರದ ಹೊಳೆಬದಿಯಲ್ಲಿ ಯಾರನ್ನು ಕೇಳಿದರೂ, ಇದೆಂಥ ಪ್ರಶ್ನೆ ಎಂಬಂತೆ ಮುಖ ನೋಡಿ, ಕಡಲಿನಲ್ಲಿ ಎನ್ನುತ್ತಿದ್ದರು. ಮುದ್ದುವನ್ನು ಕೇಳಿದರೆ ಮಾತ್ರ ಅವಳು ತಿರುಗಿ ಕೇಳುತ್ತಿದ್ದಳು: “ಯಾವ ಶನಿವಾರ?”

ದುಗ್ಗಪ್ಪ ಧಣಿಯ ಹಂಚಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ಹಂಚು ಹೊತ್ತವಳು ಅವಳು. ಪ್ರೆಸ್ಸಿನಿಂದ ಒಣಗಿಸುವ ಅಟ್ಟಕ್ಕೆ, ಅಟ್ಟದಿಂದ ಭಟ್ಟಿಗೆ. ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಆರು ಹಂಚು, ಪ್ರತಿ ಹಂಚಿನ ಬೆನ್ನಿಗೂ ಬಾತುಕೋಳಿಯ ಮುದ್ರೆ. ಭಟ್ಟಿಯ ಹೊರಗೋಡೆಗೆ ಹತ್ತು ಕಲ್ಲಿನ ಮೆಟ್ಟಿಲುಗಳಿದ್ದವು. ಮೂರನೆಯದರಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲುವುದು ಹೆಂಗಸರ ರೂಢಿ. ಅಲ್ಲಿಗೆ ಹೊಳೆಯ ಗಾಳಿ ಬರುತ್ತಿತ್ತು, ಧಣಿಯ ಕಣ್ಣು ಬರುತ್ತಿರಲಿಲ್ಲ. ಮಿಕ್ಕವರು ಅಲ್ಲಿ ನಿಂತು ಬೆವರು ಒರೆಸಿಕೊಂಡರೆ ಮುದ್ದು ಪಡುವಣಕ್ಕೆ ನೋಡುತ್ತಿದ್ದಳು. ಸೇರಿದ ಮೊದಲ ವರ್ಷವೇ ಅವಳಿಗೆ ಒಂದು ಸಂಗತಿ ಹೊಳೆದಿತ್ತು: ಈ ಸೂರ್ಯ ನಿಂತಲ್ಲಿ ನಿಲ್ಲುವ ಗಿರಾಕಿಯಲ್ಲ.

ಅಂದಿನಿಂದ ಪ್ರತಿ ಶನಿವಾರ ಸಂಜೆ, ಪ್ರೆಸ್ಸಿನಲ್ಲಿ ಕೆಟ್ಟುಹೋದ ಒಂದು ಹಸಿ ಹಂಚಿನ ಮೇಲೆ ತಲೆಗೂದಲ ಪಿನ್ನಿನಿಂದ ಗೀರುವುದು ಶುರುವಾಯಿತು. ಎಡಕ್ಕೆ ಹೊಳೆಯಾಚೆ ಉಳ್ಳಾಲದ ತೆಂಗುಗಳ ಸಾಲು, ನಡುವೆ ಹೊಳೆ ಕಡಲು ಸೇರುವ ಅಳಿವೆ, ಬಲಕ್ಕೆ ದಿಬ್ಬದ ಮೇಲೆ ಧಣಿಯ ಬಂಗಲೆ. ಅಂದು ಸೂರ್ಯ ಎಲ್ಲಿ ಕಂತಿದನೋ ಅಲ್ಲೊಂದು ಚುಕ್ಕಿ. ಹಂಚು ಗಟ್ಟಿಯಾಗದಂತೆ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದಳು. ವರ್ಷ ತುಂಬಿದಾಗ ಅದನ್ನು ಮಿಕ್ಕ ಹಂಚುಗಳ ನಡುವೆ ಭಟ್ಟಿಗೆ ತೂರಿಸಿ ಸುಡಿಸಿಕೊಂಡರೆ ಆ ವರ್ಷದ ಸೂರ್ಯ ಅಳಿಸಲಾರದಂತೆ ಸಿಕ್ಕಿಬೀಳುತ್ತಿದ್ದ. ಡಿಸೆಂಬರಿನಲ್ಲಿ ಅವನು ಉಳ್ಳಾಲದ ತೆಂಗುಗಳ ಹಿಂದೆ. ಆಮೇಲೆ ವಾರಕ್ಕೆ ಒಂದೂವರೆ ಬೆರಳಿನಂತೆ ಬಲಕ್ಕೆ ಸರಿದು ಅಳಿವೆ ದಾಟುತ್ತಿದ್ದ, ಸುಗ್ಗಿ ತಿಂಗಳಿಗೆ ಬಂಗಲೆಯ ಮೂಲೆ ಮುಟ್ಟುತ್ತಿದ್ದ, ಮಳೆಗಾಲದ ಹೊಸ್ತಿಲಿಗೆ ಅದರಾಚೆಯ ಮೂಲೆಯ ತನಕ ಹೋಗಿ ಅಲ್ಲಿಂದ ವಾಪಸು. ಹೊರೆ ಹೊತ್ತು ಹೋಗಿ ಬರಿಗೈಯಲ್ಲಿ ಮರಳುವ ಕೂಲಿಯವನ ನಡಿಗೆಯೇ. ಬೆಳಿಗ್ಗೆ ದೋಣಿಯಲ್ಲಿ ಬರುವಾಗ ಮೂಡಣದ ಗುಡ್ಡಗಳ ಮೇಲೂ ಅವನು ಹಾಗೆಯೇ ಅತ್ತಿಂದಿತ್ತ ಸರಿಯುವುದನ್ನು ಅವಳು ಕಂಡಿದ್ದಳು.

ಇದನ್ನು ಅವಳಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ. ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಅವಳಿಂದ ಜೇಡಿಮಣ್ಣು ತುಳಿಸಲಾಗುತ್ತಿತ್ತು.

“ನಮಗೆಲ್ಲ ರೈಟರ್ ಹಾಜರಿ ಹಾಕಿದರೆ ನೀನು ಸೂರ್ಯನಿಗೆ ಹಾಕ್ತೀಯಲ್ಲ ಮಾರಾಯ್ತಿ” ಎಂದು ಫ್ಲಾವಿಯಾ ಬಾಯಿ ನಗುತ್ತಿದ್ದಳು. ಜೆಪ್ಪುವಿನ ಈ ಕ್ರಿಸ್ತಾಂವ್ ಹೆಂಗಸು ಮುದ್ದುವಿಗಿಂತ ಇಪ್ಪತ್ತು ವರ್ಷ ದೊಡ್ಡವಳು, ಹೊರೆಯಲ್ಲಿ ಅವಳ ಜೋಡಿ. “ಒಂದು ದಿನ ತಪ್ಪಿಸಿದರೆ ಸಂಬಳ ಮುರೀತೀಯಾ?”

“ಇಷ್ಟರವರೆಗೆ ತಪ್ಪಿಸಲಿಲ್ಲ ಬಾಯಿ. ಒಳ್ಳೆ ಆಳು.”

ಹೀಗೆ ಇದೊಂದು ಹುಚ್ಚಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ ದೂರದಲ್ಲೆಲ್ಲೋ ಯುದ್ಧ ನಡೆಯುತ್ತಿತ್ತು. 1942ರ ಸೆಪ್ಟೆಂಬರಿನಲ್ಲಿ ಸರಕಾರ ಇಡೀ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಆರು ಎಂದರೆ ಏಳು. ಅಲ್ಲಿಯವರೆಗೆ ಕಾರ್ಖಾನೆಯ ಕೆಲಸ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಇತ್ತು. ಹೊಸ ಟೈಮು ಬಂದ ದಿನ ದುಗ್ಗಪ್ಪ ಧಣಿ ಅಂಗಳದಲ್ಲಿ ನಿಂತು, ಹೊಟ್ಟೆಯ ಮೇಲಿನ ಚಿನ್ನದ ಸರಪಳಿಯಿಂದ ಗಡಿಯಾರ ಎಳೆದು ಒಂದು ಭಾಷಣ ಮಾಡಿದರು.

“ಬೆಳಿಗ್ಗೆ ಹೊಸ ಟೈಮಿನ ಏಳಕ್ಕೇ ಬರಬೇಕು. ಅದು ಸರಕಾರದ ಆಜ್ಞೆ. ಸಂಜೆ ಮಾತ್ರ ನಾವು ಹಿರಿಯರ ಹಾಗೆ ಸೂರ್ಯ ಕಂತಿದ ಮೇಲೆ ಬಿಡುವುದು. ಗಡಿಯಾರ ಸರಕಾರದ್ದು, ಸೂರ್ಯ ದೇವರದ್ದು. ನನಗೆ ಇಬ್ಬರ ಮೇಲೂ ಭಕ್ತಿ ಉಂಟು.”

ಭಕ್ತಿಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆಗೂ ಮೇಲೆ ಪ್ರಸಾದ ಸಿಕ್ಕಿತು. ನಲವತ್ತು ಹೆಂಗಸರ ಮೈಯಿಂದ ದಿನಕ್ಕೆ ನಲವತ್ತು ಸಲ ಒಂದೂವರೆ ಗಂಟೆ. ಬಾಂಬು ಬೀಳದ ಊರಿನಲ್ಲಿ ಯುದ್ಧ ಹೀಗೆ ನಡೆಯುತ್ತದೆ.

ಸಂಜೆಯ ಗಂಟೆಯ ಏರ್ಪಾಡು ಹೀಗಿತ್ತು. ಯುದ್ಧದ ಆರ್ಡರುಗಳ ಲಾಭದಲ್ಲಿ ಧಣಿ ಬಂಗಲೆಯ ಮೇಲೆ ಆ ವರ್ಷವೇ ಹೊಸ ಮಾಳಿಗೆ ಎಬ್ಬಿಸಿದ್ದರು. ಅಲ್ಲಿನ ಜಗಲಿಯಲ್ಲಿ ಆರಾಮಕುರ್ಚಿ ಹಾಕಿ ಕೂತರೆ ಎದುರಿಗೆ ಇಡೀ ಕಡಲು. ಸೂರ್ಯ ಪೂರ್ತಿ ಮುಳುಗಿದ ಮೇಲೆ ಅವರು ಅಲ್ಲಿಂದೆದ್ದು ಹಿಂಬದಿಯ ಕಿಟಕಿಗೆ ಬಂದು ಬಿಳಿ ಟವೆಲು ಬೀಸುವುದು. ಕೆಳಗೆ ಕಾರ್ಖಾನೆಯ ಅಂಗಳದಲ್ಲಿ ಹಾಜರಿ-ಲೆಕ್ಕದ ರೈಟರ್ ಯೂಸ್ಟೇಸ್, ಹೆಂಗಸರ ಬಾಯಲ್ಲಿ ಪೊರ್ಬುಗಳು, ಅದನ್ನು ಕಂಡು ಗಂಟೆ ಹೊಡೆಯುವುದು.

ಮುದ್ದುವಿನ ಮನೆ ಹೊಳೆಯಾಚೆ, ಉಳ್ಳಾಲದಲ್ಲಿ. ಮನೆಯಲ್ಲಿ ಆರು ತಿಂಗಳ ಚಂಪಾ, ಅವಳನ್ನು ನೋಡಿಕೊಳ್ಳುವ ಮಾಮಿ, ಅಂದರೆ ಗಂಡನ ತಾಯಿ. ಗಂಡ ಪೂವಪ್ಪ ಮಂಜಿ ಹಡಗಿನಲ್ಲಿ ಹಂಚು ತುಂಬಿಕೊಂಡು ಕೊಚ್ಚಿಯ ಕಡೆ ಹೋದವನು, ಬಂದಾಗ ಬಂದ. ಜನವರಿಯವರೆಗೆ, ಹೊಳೆ ದಾಟಿಸುವ ಕಡವಿನ ದೋಣಿಯ ಮೊಯ್ದೀನಬ್ಬ ಲಾಟೀನು ಹಚ್ಚಿಕೊಂಡು ಹೆಂಗಸರಿಗಾಗಿ ಕಾಯುತ್ತಿದ್ದ. ಫೆಬ್ರವರಿಯಲ್ಲಿ ಪೊಲೀಸರು ಬಂದು, ಇನ್ನು ಹೊಳೆಯ ಮೇಲೆ ದೀಪ ಕಾಣಬಾರದು ಎಂದು ಹೇಳಿ ಹೋದರು. ಅಂದಿನಿಂದ ಸೂರ್ಯ ನೀರಿಗೆ ತಾಗುವ ಮೊದಲೇ ಅವನು ಹಗ್ಗ ಬಿಚ್ಚುತ್ತಿದ್ದ. ಆಚೆ ದಡದಲ್ಲಿ ಅವನ ಸಂಜೆಯ ಮಗ್ರಿಬ್ ನಮಾಜೂ ಆಗಬೇಕಿತ್ತು. ಕಾರ್ಖಾನೆಯಿಂದ ಕಡವಿಗೆ ಹತ್ತು ನಿಮಿಷದ ದಾರಿ. ಗಂಟೆ ಬಾರಿಸಿದ ಮೇಲೆ ಓಡಿದರೆ ಕಾಣುವುದು ಹೊಳೆಯ ನಡುವಿನ ದೋಣಿಯ ಬೆನ್ನು. ಹೊಳೆಗೆ ಅಡ್ಡ ಇರುವ ರೈಲ್ವೆ ಸಂಕದ ಮೇಲೆ ನಡೆಯೋಣ ಎಂದರೆ ಅಲ್ಲಿ ಬಂದೂಕಿನ ಕಾವಲು.

ಆಚೆ ದಡದ ಹನ್ನೊಂದು ಹೆಂಗಸರು ಈಚೆ ದಡದ ಜಗಲಿಗಳಲ್ಲಿ ಮಲಗತೊಡಗಿದರು. ಮುದ್ದು ಮಲಗಿದ್ದು ಫ್ಲಾವಿಯಾ ಬಾಯಿಯ ಜಗಲಿಯಲ್ಲಿ. ಮಲಗಿದ್ದು ಎಂಬುದು ಮಾತಿಗೆ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗುತ್ತಿತ್ತು. ಅದನ್ನು ಬಾಯಿಯ ಬಸಳೆ ಚಪ್ಪರದ ಬುಡಕ್ಕೆ ಹಿಂಡಿ ಚೆಲ್ಲಿ ಬರುತ್ತಿದ್ದಳು. ಆಚೆ ಮಗು ಗಂಜಿತಿಳಿ ಕುಡಿದು ಅಳುತ್ತಿತ್ತು. ಎರಡು ಸಲ ತಡೆಯಲಾರದೆ ಅವಳು ಗಂಟೆಗೆ ಮೊದಲೇ ಗೇಟು ದಾಟಿದಳು. ಎರಡನೇ ಸಲ ಧಣಿ ಕರೆಸಿ, ಮೂರನೇ ಸಲಕ್ಕೆ ಹೆಸರು ಹೊಡೆದುಹಾಕುತ್ತೇನೆ ಎಂದರು.

“ಬಿಟ್ಟುಬಿಡು ಈ ದರಿದ್ರ ಕೆಲಸ” ಎಂದಳು ಫ್ಲಾವಿಯಾ ಬಾಯಿ.

“ಬಿಟ್ಟು ಎಂತ ತಿನ್ನುವುದು? ಸೂರ್ಯನನ್ನಾ?”

ಹಾಗೆಂದವಳು ಆ ಶನಿವಾರ ಮೂರನೇ ಮೆಟ್ಟಿಲಿನಲ್ಲಿ ತುಸು ಹೆಚ್ಚೇ ಹೊತ್ತು ನಿಂತಳು. ಮಾರ್ಚ್ ಆರನೇ ತಾರೀಕು. ಸೂರ್ಯ ಅಳಿವೆಯ ಬಲತುದಿಗೆ ಬಂದಿದ್ದ. ಅವಳು ತೋಳು ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಸೂರ್ಯನಿಗೂ ಬಂಗಲೆಯ ಮೂಲೆಗೂ ನಡುವೆ ಬೆರಳಿಟ್ಟು ಅಳೆದಳು. ಒಂದು ಬೆರಳು. ಬಂಗಲೆಯ ಮೇಲೆ ಹೊಸ ಮಾಳಿಗೆ. ಅವಳ ಕಣ್ಣು ಮೇಲಿಂದ ಕೆಳಗೆ ಆ ಗೋಡೆಯನ್ನು ಒಮ್ಮೆ ಸವರಿ ಬಂತು. ಹೊರೆ ಇಳಿಸಿದವಳೇ ಸೀದಾ ಧಣಿಯ ಆಫೀಸಿನ ಬಾಗಿಲಿಗೆ ಹೋದಳು. ಅವಳ ಬೆನ್ನಿಗೆ, ಏನು ಅನಾಹುತವೋ ಎಂದು ಫ್ಲಾವಿಯಾ ಬಾಯಿ.

“ಧಣಿಗಳೇ, ಒಂದು ಹೇಳ್ಲಿಕ್ಕುಂಟು.”

“ಹೇಳು. ಕೂಲಿ ಹೆಚ್ಚಿಸುವ ವಿಷಯವಾದರೆ ಮಾತ್ರ ಹೇಳಬೇಡ.”

“ಕೂಲಿ ಅಲ್ಲ. ಸೂರ್ಯನ ವಿಷಯ.”

ಧಣಿ ರೈಟರ್ ಯೂಸ್ಟೇಸನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಯೂಸ್ಟೇಸ್ ಬಡಕಲು ಮನುಷ್ಯ. ಧಣಿ ನಕ್ಕರೆ ನಗುವುದೂ ಅವನ ಕೆಲಸದಲ್ಲಿ ಸೇರಿತ್ತು, ನಕ್ಕ.

“ನಿಮ್ಮ ಟವೆಲು ರೈಟರ್ ಪೊರ್ಬುಗಳಿಗೆ ಸಮಾ ಕಾಣುವುದಿಲ್ಲ” ಎಂದಳು ಮುದ್ದು. “ಗುರುವಾರ ಟವೆಲು ಅಂತ ಗಂಟೆ ಹೊಡೆದರು. ನೋಡಿದರೆ ನಿಮ್ಮ ಅಡುಗೆಯವಳು ಕಿಟಕಿಯಲ್ಲಿ ಪಂಚೆ ಕೊಡಹಿದ್ದು.”

ಯೂಸ್ಟೇಸನ ನಗು ನಿಂತಿತು. ಧಣಿಯದ್ದೂ ನಿಂತಿತು. ಗುರುವಾರ ಹತ್ತು ನಿಮಿಷ ಕೈತಪ್ಪಿದ ನೋವು ಅವರಿಗೆ ಇನ್ನೂ ಆರಿರಲಿಲ್ಲ.

“ಅದಕ್ಕೇ ಟವೆಲೇ ಬೇಡ. ಪೊರ್ಬುಗಳು ಭಟ್ಟಿಯ ಮೂರನೇ ಮೆಟ್ಟಿಲಲ್ಲಿ ನಿಂತು ಅವರೇ ನೋಡಲಿ. ಅಲ್ಲಿಂದ ಸೂರ್ಯ ಕಾಣದಾದ ಕೂಡಲೇ ಗಂಟೆ. ನಿಮಗೂ ದಿನಾ ಕುರ್ಚಿಯಿಂದ ಏಳುವ ತೊಂದರೆ ಇಲ್ಲ. ರೇಡಿಯೋದಲ್ಲಿ ಯುದ್ಧದ ಸುದ್ದಿ ಬರುವ ಹೊತ್ತಲ್ವಾ?”

ಧಣಿ ತಾವು ಕೊಟ್ಟ ಮಾತನ್ನೇ ನಂಬುವ ಜಾತಿಯಲ್ಲ, ಇನ್ನೊಬ್ಬರಿಂದ ಪಡೆದ ಮಾತನ್ನಂತೂ ಇಲ್ಲವೇ ಇಲ್ಲ. ಕಾರ್ಖಾನೆ ಕಟ್ಟಿಸಿದ ಮೇಲೆ ಮೊದಲ ಬಾರಿಗೆ ಅವರು ಮೂರನೇ ಮೆಟ್ಟಿಲು ಹತ್ತಿದರು. ಗಡಿಯಾರ ಕೈಯಲ್ಲಿ ಹಿಡಿದು ನಿಂತರು. ಸೂರ್ಯ ಸಾವಕಾಶವಾಗಿ ಇಳಿದು ಅಳಿವೆಯ ನೀರಿನಲ್ಲಿ ಸಕ್ಕರೆಯ ಹಾಗೆ ಕರಗಿದ. ಹೊಸ ಟೈಮಿನ ಏಳು ನಲವತ್ತೊಂದು. ಜಗಲಿಯಿಂದ ನೋಡುವಾಗಲೂ ಅಷ್ಟೇ ಆಗುತ್ತಿತ್ತು. ಒಂದು ನಿಮಿಷದ ನಷ್ಟವೂ ಇಲ್ಲ.

“ಆಗಲಿ” ಎಂದರು. ಆಮೇಲೆ ಅವರ ತಲೆಯೊಳಗೆ ಪಂಚಾಂಗ ತೆರೆದುಕೊಂಡಿತು. ಬೇಸಿಗೆಗೆ ಹಗಲು ಉದ್ದ, ಸೂರ್ಯ ಮುಳುಗುವುದು ಇನ್ನೂ ತಡ. “ಆದರೆ ಒಂದು ವರ್ಷಕ್ಕೆ. ಪೂರ್ತಿ ಒಂದು ವರ್ಷ ಇದೇ ಕರಾರು. ನಡುವೆ ಯಾರೂ ಬಂದು ನನ್ನ ಹತ್ತಿರ ಅಳಬಾರದು.”

“ಒಂದು ವರ್ಷವಾ ಧಣಿಗಳೇ?” ಮುದ್ದುವಿನ ಮುಖ ಬಾಡಿತು. “ಬೇಸಿಗೆಯಲ್ಲಿ…”

“ಬೇಸಿಗೆಯಲ್ಲಿ ಎಂತ?”

“ಎಂತದೂ ಇಲ್ಲ.”

“ಮತ್ತೆ ಮೋಡ! ಮೋಡ ಬಂದು ಸೂರ್ಯ ಕಾಣದಿದ್ದರೆ ಮಧ್ಯಾಹ್ನವೇ ಹೊರಡುವ ಉಪಾಯವಾ? ನನ್ನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಮೋಡದ ದಿನ, ಹಿಂದಿನ ಬಿಸಿಲಿನ ದಿನ ಎಷ್ಟಕ್ಕೆ ಹೊಡೆದದ್ದೋ ಅಷ್ಟಕ್ಕೇ ಗಂಟೆ. ಬರಿ ಯೂಸ್ಟೇಸ್, ಇದನ್ನೂ ಬರಿ.”

ಯೂಸ್ಟೇಸ್ ಬರೆದದ್ದು ಕಾಗದದ ಮೇಲಲ್ಲ. ಮಂಗಳೂರಿನ ಮಳೆಗೆ ಕಾಗದ ಬೂಸಲು ಹಿಡಿಯುತ್ತದೆಂದು ಆ ಕಾರ್ಖಾನೆಯ ಕಾಯಿದೆಗಳನ್ನೆಲ್ಲ ಹಸಿ ಹಂಚಿನ ಮೇಲೆ ಬರೆದು, ಸುಟ್ಟು, ಗೇಟಿನ ಗೋಡೆಗೆ ಗಾರೆಯಲ್ಲಿ ಕೂರಿಸುವ ಪದ್ಧತಿಯಿತ್ತು. ಎಲೆಯಡಿಕೆ ಉಗುಳಬಾರದು. ಗಂಟೆಗೆ ಮೊದಲು ಗೇಟು ದಾಟಬಾರದು. ಹಂಚು ಒಡೆದವರು ಅದರ ಬೆಲೆ ತೆರಬೇಕು. ಎಲ್ಲವೂ ಯೂಸ್ಟೇಸನ ಮುತ್ತಿನಂಥ ದುಂಡಕ್ಷರದಲ್ಲಿ. ಬಡವರ ವಿರುದ್ಧ ಹೊರಡುವ ಆಜ್ಞೆಗಳಿಗೆ ಸಾಮಾನ್ಯವಾಗಿ ಒಳ್ಳೆಯ ಕೈಬರಹವೇ ಸಿಗುತ್ತದೆ. ಆ ಸಾಲಿಗೆ ಇನ್ನೊಂದು ಹಂಚು ಸೇರಿತು: ‘ಭಟ್ಟಿಯ ಮೂರನೇ ಮೆಟ್ಟಿಲಿನಿಂದ ಸೂರ್ಯನು ಕಾಣದಾದಾಗ ಸಂಜೆಯ ಗಂಟೆ.’ ಅದರಡಿಗೆ ಮೋಡದ ಷರತ್ತು, ಒಂದು ವರ್ಷದ ಅವಧಿ, ಧಣಿಯ ಸಹಿ.

ಆ ಶನಿವಾರ ಧಣಿಯ ಎದುರಿನಿಂದ ಸರಿದದ್ದೇ ಫ್ಲಾವಿಯಾ ಬಾಯಿ ಮುದ್ದುವಿನ ತೋಳು ಹಿಡಿದು ಜಗ್ಗಿದಳು. “ಅಷ್ಟು ಜನರನ್ನು ಒಂದು ವರ್ಷಕ್ಕೆ ಅಡವಿಟ್ಟು ಬಂದೆಯಲ್ಲ! ಬೇಸಿಗೆಯಲ್ಲಿ ಎಂಟು ಗಂಟೆಯವರೆಗೆ ಹೊರುವುದಾ? ಎಂತ ಆಗಿದೆ ನಿನಗೆ?”

ಮುದ್ದು ಅವಳನ್ನು ಅಟ್ಟದ ಹಿಂದಕ್ಕೆ ಕರೆದೊಯ್ದು ಗೋಣಿಯೊಳಗಿನಿಂದ ಕಳೆದ ವರ್ಷದ ಹಂಚನ್ನು ತೆಗೆದಳು. ಚುಕ್ಕಿಗಳ ಮೇಲೆ ಬೆರಳು ಓಡಿಸಿದಳು. “ಇದು ಇವತ್ತಿನ ಜಾಗ. ಮುಂದಿನ ಶನಿವಾರ ಇಲ್ಲಿ. ಅದರ ಮುಂದಿನದ್ದು ಇಲ್ಲಿ. ಇದು ಯಾರ ಮನೆ?”

ಫ್ಲಾವಿಯಾ ಬಾಯಿ ನೋಡಿದಳು. ಇನ್ನೊಮ್ಮೆ ನೋಡಿದಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಜೇಜು! ಧಣಿಯ ಬಂಗಲೆ.”

“ಅವರು ಕಡಲಿನ ಬದಿಯಿಂದ ನೋಡುವವರು. ಅವರ ಎದುರಿಗೆ ಎಂತ ಅಡ್ಡ ಉಂಟು? ನಾವು ಅವರ ಮನೆಯ ಬೆನ್ನಿನಿಂದ ನೋಡುವವರು. ಇನ್ನು ಹತ್ತು ದಿನದೊಳಗೆ ಬಾಯಿ. ಸೂರ್ಯ ಆ ಮಾಳಿಗೆಯ ಹಿಂದೆ ಹೋದರೆ ನಮಗೆ ಸಂಜೆ, ಅವರಿಗೆ ಇನ್ನೂ ಹಗಲು.”

“ಸೂರ್ಯ ಈ ವರ್ಷ ಆ ಕಡೆ ಹೋಗದಿದ್ದರೆ?”

“ಅವನೇನು ಧಣಿಯಾ, ಮಾತು ತಪ್ಪಿಸಲಿಕ್ಕೆ?”

ಬಾಯಿಗೆ ಹಾಗೆಂದಳು. ಆದರೆ ಒಳಗೊಳಗೆ ಅವಳಿಗೂ ಒಂದು ಅಳುಕಿತ್ತು. ಕಳೆದ ವರ್ಷದ ಹಂಚಿನಲ್ಲಿ ಬಂಗಲೆಗೆ ಮಾಳಿಗೆ ಇರಲಿಲ್ಲ. ಹೊಸ ಗೋಡೆ ಎಷ್ಟು ಮರೆಮಾಡೀತು ಎಂಬುದು ಬೆರಳಿನ ಅಂದಾಜು ಮಾತ್ರ. ಅಂದಾಜು ತಪ್ಪಿದರೆ ತನ್ನ ಮಗು ಮಾತ್ರವಲ್ಲ, ಹನ್ನೊಂದು ಮನೆಗಳು ವರ್ಷವಿಡೀ ಕತ್ತಲೆಯಲ್ಲಿ ಕಾಯಬೇಕು. ಅದಕ್ಕೆ ತನ್ನ ಕೈಯಿಂದಲೇ ಮುದ್ರೆ ಬಿದ್ದಂತೆ.

ಸೋಮವಾರ ಸೂರ್ಯ ನೀರಿನಲ್ಲೇ ಮುಳುಗಿದ. ಮಂಗಳವಾರವೂ ನೀರಿನಲ್ಲೇ. ದೋಣಿ ಹೋಗಿತ್ತು. ಬಸಳೆಯ ಬುಡಕ್ಕೆ ಮತ್ತೆ ಹಾಲು. ಫ್ಲಾವಿಯಾ ಬಾಯಿ ಜಗಲಿಗೆ ಚಾಪೆ ಎಸೆದು ಬಾಗಿಲು ಹಾಕಿಕೊಂಡಳು.

ಬುಧವಾರ ಯೂಸ್ಟೇಸ್ ಮೂರನೇ ಮೆಟ್ಟಿಲಿನಲ್ಲಿ ಕೈ ಹಣೆಗೆ ಹಿಡಿದು ನಿಂತಿದ್ದ. ಸೂರ್ಯ ಬಂಗಲೆಯ ಎಡಗೋಡೆಯನ್ನು ಸವರುತ್ತ ಇಳಿಯುತ್ತಿದ್ದ. ಇಳಿಯುವಾಗ ಅವನು ನೆಟ್ಟಗೆ ಇಳಿಯದೆ ತುಸು ಬಲಕ್ಕೆ ವಾಲುತ್ತಾನೆ. ನೀರಿಗೆ ಇನ್ನೂ ಒಂದು ಬೆರಳು ಇದೆ ಎನ್ನುವಾಗ ಗೋಡೆಯ ಬುಡ ಅವನನ್ನು ಮೆಲ್ಲನೆ ನುಂಗಿತು. ಯೂಸ್ಟೇಸ್ ಕಣ್ಣುಜ್ಜಿಕೊಂಡ. ಹಂಚು ಓದಿದ. ಅದರಲ್ಲಿ ಬರೆದದ್ದು ತಾನೇ. ಗಂಟೆ ಹೊಡೆದ. ನಾಲ್ಕು ನಿಮಿಷ ಮೊದಲು.

ಗುರುವಾರ ಹತ್ತು ನಿಮಿಷ. ಹನ್ನೊಂದು ಹೆಂಗಸರು ಸೆರಗು ಕಟ್ಟಿ ಓಡಿದರು. ದೋಣಿ ದಡ ಬಿಟ್ಟು ಎರಡು ಮಾರು ಹೋಗಿತ್ತು, ಮೊಯ್ದೀನಬ್ಬ ಕೈಯಾಡಿಸಿ ಏನೋ ಕೂಗಿದ. ಶುಕ್ರವಾರ ಹದಿನೆಂಟು ನಿಮಿಷ. ಅಂದು ದೋಣಿ ದಡದಲ್ಲಿತ್ತು.

ಹೀಗೆ ದಿನಕ್ಕೆ ಏಳೆಂಟು ನಿಮಿಷದಂತೆ ಸಂಜೆ ಹತ್ತಿರ ಬರುತ್ತಿದ್ದರೆ, ಜಗಲಿಯಲ್ಲಿ ರೇಡಿಯೋ ಕೇಳುತ್ತಿದ್ದ ಧಣಿಗೆ ಅನುಮಾನ ಬಂದದ್ದು ತಮ್ಮ ಗಡಿಯಾರದ ಮೇಲೆ. ಸೂರ್ಯನ ಮೇಲೆ ಅನುಮಾನ ಪಡುವಷ್ಟು ನಾಸ್ತಿಕರಲ್ಲ ಅವರು. ಹೊಸ ಟೈಮಿಗೆ ಮುಳ್ಳು ತಿರುಗಿಸುವಾಗ ಸ್ಪ್ರಿಂಗ್ ಕೆಟ್ಟಿರಬೇಕು ಎಂದುಕೊಂಡು ಶನಿವಾರ ಅದನ್ನು ಹಂಪನಕಟ್ಟೆಯ ರಿಪೇರಿಯವನಲ್ಲಿಗೆ ಕಳಿಸಿದರು. ಸೋಮವಾರ ಮಧ್ಯಾಹ್ನ ಗಡಿಯಾರ ವಾಪಸು ಬಂತು, ಏನೂ ದೋಷವಿಲ್ಲ ಎಂಬ ಮಾತಿನೊಂದಿಗೆ.

ಆ ಸೋಮವಾರ ಸಂಜೆ ಅವರು ರೇಡಿಯೋ ಹಚ್ಚದೆ, ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ಏಳು ಗಂಟೆ ದಾಟಿ ಐದು ನಿಮಿಷಕ್ಕೆ ಕೆಳಗಿನಿಂದ ಢಣ್ ಢಣ್. ಎದುರಿಗೆ, ಕಡಲಿನಿಂದ ಒಂದು ಗೇಣು ಮೇಲೆ, ಸೂರ್ಯ ದುಂಡಗೆ ಕೂತು ಅವರ ಮುಖವನ್ನೇ ನೋಡುತ್ತಿದ್ದ.

ಧಣಿ ಇಳಿದು ಬಂದ ರಭಸಕ್ಕೆ ಪಂಚೆ ಒಂದು ಕಡೆ, ಶಾಲು ಒಂದು ಕಡೆ. ಗೇಟಿನಲ್ಲಿ ಹೆಂಗಸರನ್ನು ಅಡ್ಡಗಟ್ಟಿದರು. “ನಿಲ್ಲಿ! ಯಾರು ಹೊಡೆದದ್ದು ಗಂಟೆ? ಯೂಸ್ಟೇಸ್! ನಿನಗೆ ಕಣ್ಣಿಲ್ಲವಾ? ಸೂರ್ಯ ಅಲ್ಲಿ ಬಿಸಿ ಬಿಸಿ ಇದ್ದಾನೆ!”

“ಇಲ್ಲಿಂದ ಕಾಣುವುದಿಲ್ಲ ಧಣಿಗಳೇ.”

“ಕಾಣುವುದಿಲ್ಲವಾ!” ಧಣಿ ಮೂರನೇ ಮೆಟ್ಟಿಲು ಹತ್ತಿದರು. ಹತ್ತಿ ಪಡುವಣಕ್ಕೆ ನೋಡಿದರು. ಎದುರಿಗೆ ತಮ್ಮದೇ ಮನೆಯ ಬೆನ್ನು, ಬಚ್ಚಲಿನ ಕಿಟಕಿ, ಒಣಗಲು ಹಾಕಿದ ತಮ್ಮದೇ ಪಂಚೆ. ಮಾಳಿಗೆಯ ಸೂರಿನ ಸುತ್ತ ಒಂದು ಕೆಂಪು ಅಂಚು. ಸೂರ್ಯ ಇಲ್ಲ. ಇಳಿದು ಬಂದು ಗೋಡೆಯ ಹಂಚು ಓದಿದರು. ಮತ್ತೆ ಹತ್ತಿ ನೋಡಿದರು. ಹೆಂಗಸರ ನಡುವೆ ಯಾರೋ ಕಿಸಕ್ಕೆಂದರು.

“ಈ ಮೆಟ್ಟಿಲು ನಾಳೆಯೇ ಒಡೆಸ್ತೇನೆ!”

“ಒಡೆಸಿ ಧಣಿಗಳೇ” ಎಂದಳು ಫ್ಲಾವಿಯಾ ಬಾಯಿ ತುಂಬ ವಿನಯದಿಂದ. “ಆಗ ನಾಲ್ಕನೆಯದು ಮೂರನೆಯದಾಗ್ತದೆ. ಹತ್ತೂ ಒಡೆಸಿದರೆ ಭಟ್ಟಿಗೆ ಹತ್ತುವುದು ಹೇಗೆ ಅಂತ ಮಾತ್ರ ಹೇಳಿ.”

ಕಡವಿನಿಂದ ಮೊಯ್ದೀನಬ್ಬನ ಕೂಗು ಕೇಳಿತು. ದೋಣಿ ಹೊರಡುವ ಮೊದಲು ಅವನು ಮೂರು ಸಲ ಕೂಗುತ್ತಾನೆ. ಇದು ಮೊದಲನೆಯದು. ಮುದ್ದುವಿನ ರವಿಕೆ ಒದ್ದೆಯಾಗಿತ್ತು. ಗೇಟು ಎರಡು ಹೆಜ್ಜೆ ದೂರ, ಅದರ ನಡುವೆ ಧಣಿ. ಅಪ್ಪಣೆ ಇಲ್ಲದೆ ದಾಟಿದರೆ ಅದೇ ಮೂರನೇ ಸಲ.

“ಈ ಹಂಚು ಕಿತ್ತು ಬಿಸಾಡ್ತೇನೆ. ಕರಾರು ರದ್ದು!” ಧಣಿ ಕಿರುಚಿದರು.

“ಆಗಲಿ, ರದ್ದು” ಎಂದಳು ಮುದ್ದು. ಅವಳ ಸ್ವರ ಅವಳಿಗೇ ಅಚ್ಚರಿಯಾಗುವಷ್ಟು ಸಣ್ಣಗಿತ್ತು, ನೇರವಾಗಿತ್ತು. “ಬೆಳಿಗ್ಗೆ ಗಡಿಯಾರ, ಸಂಜೆ ಸೂರ್ಯ ಅಂದದ್ದು ನೀವು. ಇನ್ನು ಹಾಗೆ ಬೇಡ. ಗಡಿಯಾರವಾದರೆ ಎರಡು ಕಡೆಯೂ ಗಡಿಯಾರ. ನಿಮ್ಮ ಹೊಸ ಟೈಮಿನ ಏಳಕ್ಕೆ ಬರ್ತೇವೆ, ಹೊಸ ಟೈಮಿನ ಆರಕ್ಕೆ ಹೋಗ್ತೇವೆ.”

“ಆರಕ್ಕಾ! ಆರಕ್ಕೆ ನಡುಹಗಲು!”

“ಬೇಡವಾದರೆ ಎರಡು ಕಡೆಯೂ ಸೂರ್ಯ. ಸಂಜೆ ನೀರಿಗೆ ಬೀಳುವವರೆಗೆ ಹೊರುತ್ತೇವೆ. ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೆ ಬರ್ತೇವೆ. ಈ ಅಂಗಳಕ್ಕೆ ಅವನು ಜೆಪ್ಪು ಗುಡ್ಡೆ ಹತ್ತಿ ಬರಬೇಕು. ನಿಮ್ಮ ಗಡಿಯಾರದಲ್ಲಿ ಎಂಟು ಆಗ್ತದೆ. ಎಲ್ಲಿ ಹುಟ್ಟುತ್ತಾನೆ, ಯಾವಾಗ ಕಾಣ್ತಾನೆ, ವರ್ಷದ ಯಾವ ವಾರ ಬೇಕಾದರೂ ಕೇಳಿ, ಹೇಳ್ತೇನೆ.”

“ಇವಳ ಹೆಸರು ಹೊಡಿ ಯೂಸ್ಟೇಸ್!”

ಮುದ್ದುವಿನ ಹಿಂದೆ ಏನೋ ಸದ್ದಾಯಿತು. ಅವಳು ತಿರುಗಿ ನೋಡಿದಳು. ಫ್ಲಾವಿಯಾ ಬಾಯಿ ನೆಲದ ಮೇಲೆ ಕೂತಿದ್ದಳು. ಅವಳ ಪಕ್ಕದವಳೂ ಕೂತಳು. ಒಬ್ಬೊಬ್ಬರಾಗಿ ನಲವತ್ತೂ ಜನ ಕೂತರು. ಮಿಲಿಟರಿ ಬಿಡಾರಗಳಿಗೆ ಎರಡು ಲಕ್ಷ ಹಂಚು ಹತ್ತು ದಿನದಲ್ಲಿ ರೈಲಿಗೆ ಏರಬೇಕೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಣ ಅಟ್ಟದಲ್ಲಿ ತಿರುಗಿಸಿಡದ ಹಂಚು ಎರಡೇ ದಿನದಲ್ಲಿ ಸೀಳುತ್ತದೆಂಬುದೂ ಗೊತ್ತಿತ್ತು.

“ಎಷ್ಟು ಹೆಸರು ಹೊಡೆಯಬೇಕು ಧಣಿಗಳೇ?” ಯೂಸ್ಟೇಸ್ ಮೆತ್ತಗೆ ಕೇಳಿದ.

ಹೊಳೆಯಿಂದ ಎರಡನೇ ಕೂಗು.

ಧಣಿ ಕೂಡುವುದರಲ್ಲಿ, ಕಳೆಯುವುದರಲ್ಲಿ ಹುಷಾರು. ಅವರ ಹೆಬ್ಬೆರಳು ಬೆರಳಿನ ಗೆರೆಗಳ ಮೇಲೆ ಓಡಾಡುವುದನ್ನು ಮುದ್ದು ಕಂಡಳು. ಏಳರಿಂದ ಆರು. ಎಂಟರಿಂದ ಏಳು ಮುಕ್ಕಾಲು. ಏಳರಿಂದ ಈಗಿನ ಏಳು. ಮೂರನ್ನೂ ಅವರು ಎರಡು ಸಲ ಎಣಿಸಿದರು. ಮೂರರಲ್ಲಿ ಅವರಿಗೆ ಕಡಿಮೆ ನಷ್ಟದ್ದು ಗೋಡೆಯ ಮೇಲಿನ ಹಂಚೇ ಆಗಿತ್ತು.

ಅವರು ಗೇಟಿನಿಂದ ಸರಿದು ನಿಂತರು. ಕಣ್ಣು ಯಾರ ಮೇಲೂ ಇಡದೆ, “ಯೂಸ್ಟೇಸ್, ನಿನ್ನ ಅಕ್ಷರ ಬಹಳ ಚಂದ ಉಂಟು” ಎಂದರು. ಯೂಸ್ಟೇಸ್ ನಗಬೇಕೋ ಬೇಡವೋ ತಿಳಿಯದೆ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ.

ಮುದ್ದು ಓಡಿದಳು. ಅವಳ ಹಿಂದೆ ಹತ್ತು ಜನ, ಓಣಿಯ ಕೋಳಿಗಳನ್ನೆಲ್ಲ ಚದುರಿಸುತ್ತ. ಮೂರನೇ ಕೂಗು ಮುಗಿಯುವಷ್ಟರಲ್ಲಿ ಅವರೆಲ್ಲ ದೋಣಿಯ ಮೇಲೆ ಬಿದ್ದರು, ದೋಣಿ ಒಂದು ಪಕ್ಕಕ್ಕೆ ವಾಲಿತು.

“ಮೆಲ್ಲ, ಮೆಲ್ಲ! ಮುಳುಗಿಸ್ತೀರಾ ನನ್ನನ್ನು?” ಮೊಯ್ದೀನಬ್ಬ ಗದರಿದ. “ಇದೆಂತ ಮುದ್ದಕ್ಕ, ಸೂರ್ಯ ಅಲ್ಲೇ ಉಂಟು, ನಿಮಗೆ ಗಂಟೆ ಆಯ್ತಾ?”

“ನಮ್ಮ ಕಾರ್ಖಾನೆಯ ಸೂರ್ಯ ಬೇರೆ ಬ್ಯಾರಿಗಳೇ. ನಾಳೆ ಇನ್ನೂ ಸ್ವಲ್ಪ ಬೇಗ ಕಂತುತ್ತಾನೆ.”

“ಹಾಗಾದರೆ ನಾನು ಕೂಗುವುದು ಕಡಿಮೆ ಮಾಡಬಹುದು. ಗಂಟಲು ಹೋಯಿತು ಮಾರಾಯ್ತಿ, ಒಂದು ವಾರದಿಂದ ನಿಮಗಾಗಿಯೇ ಮೂರು ಮೂರು ಸಲ ಕೂಗುವುದು.” ಅವನು ಗಳು ಊರಿದ. “ಗೆದ್ದಿರಾ ಹಾಗಾದರೆ?”

ಮುದ್ದು ಯೋಚಿಸಿದಳು. ಹಳೆಯ ಆರು ಗಂಟೆ ಎಂದರೆ ಈಗಿನ ಏಳು. ಬಹಳ ಹೋರಾಡಿ ಪಡೆದದ್ದು ಮೊದಲೇ ತಮ್ಮದಾಗಿದ್ದ ಸಂಜೆ. ಬೆಳಗಿನ ಒಂದು ಗಂಟೆ ಇನ್ನೂ ಧಣಿಯ ಕಿಸೆಯಲ್ಲೇ ಇತ್ತು. ಸೆಪ್ಟೆಂಬರಿನ ಕೊನೆಗೆ ಸೂರ್ಯ ಬಂಗಲೆ ಬಿಟ್ಟು ಅಳಿವೆಗೆ ಮರಳುತ್ತಾನೆ, ಆಗ ಇದೇ ಹಂಚು ತಮ್ಮನ್ನು ಮತ್ತೆ ಕತ್ತಲೆಯವರೆಗೆ ಹಿಡಿದಿಡುತ್ತದೆ.

“ಆರು ತಿಂಗಳಿಗೆ ಗೆದ್ದೆವು” ಎಂದಳು. “ಅಷ್ಟರೊಳಗೆ ಎರಡು ಕಡೆಯೂ ಗಡಿಯಾರ ಅಂತ ಕೂರಬೇಕು. ಕೂರಲಿಕ್ಕೆ ಈಗ ಎಲ್ಲರಿಗೂ ಬರ್ತದೆ.”

ಆಚೆ ದಡದಲ್ಲಿ ಇಳಿದು, ತೆಂಗಿನ ತೋಟದ ನಡುವೆ ಉದ್ದುದ್ದ ಬಿದ್ದಿದ್ದ ನೆರಳುಗಳನ್ನು ದಾಟಿ ಅವಳು ಮನೆ ಸೇರಿದಾಗ ಮಾಮಿ ಅಂಗಳದಲ್ಲಿ ಮಗುವಿಗೆ ಕಾಗೆ ತೋರಿಸುತ್ತಿದ್ದಳು. ಸೊಸೆಯನ್ನು ಹಗಲು ಬೆಳಕಿನಲ್ಲಿ ಕಂಡು ಅವಳ ಮುಖ ಬಿಳುಪೇರಿತು.

“ಎಂತ? ಹೆಸರು ಹೊಡೆದರಾ?”

“ಇಲ್ಲ ಮಾಮಿ. ಗಂಟೆ ಹೊಡೆದರು. ಕೊಡಿ ಅವಳನ್ನು.”

ಕಾಲು ತೊಳೆಯುವಷ್ಟು ತಾಳ್ಮೆಯೂ ಇಲ್ಲದೆ ಮುದ್ದು ಜಗಲಿಯ ಅಂಚಿನಲ್ಲಿ ಕೂತಳು. ಚಂಪಾ ಅವಳ ಕೆಂಪು ಧೂಳಿನ ಮುಖವನ್ನು ಒಂದು ಕ್ಷಣ ನೋಡಿ, ಹೆಚ್ಚು ವಿಚಾರಿಸದೆ ಎದೆಗೆ ಬಾಯಿ ಹಾಕಿದಳು. ಕುಡಿಯುವ ಅವಸರದಲ್ಲಿ, ಕಳೆದ ವಾರ ಮೊಳೆತಿದ್ದ ಒಂದೇ ಒಂದು ಹಲ್ಲನ್ನು ಊರಿ ಕಚ್ಚಿಯೂ ಬಿಟ್ಟಳು. ಮುದ್ದು ಅಯ್ಯಯ್ಯೋ ಎಂದು ಕೂಗಿದ್ದು ಮೂರು ಮನೆಗೆ ಕೇಳಿರಬೇಕು.

“ಮೆಲ್ಲ ಮಾರಾಯ್ತಿ!” ಎಂದಳು ಮಾಮಿ, ಬೇಲಿಯ ಕಡೆ ನೋಡುತ್ತ. “ಇನ್ನೂ ಹಗಲು. ಎಲ್ಲರೂ ಹೊರಗಿದ್ದಾರೆ.”